ಅರ್ಕಾವತ್ತು ತಿದ್ದುತ್ತ ಬ್ಲಾಗಿಗೆ ಮರಳಿದೆ

"ಈಗ ಬ್ಲಾಗು ಯಾರು ಓದ್ತಾರೆ ಮಾರಾಯ, ಕ್ಯಾಮೆರಾ ಮುಂದೆ ಕೂತು ಮಾತಾಡು" ಅಂದ ಒಬ್ಬ ಗೆಳೆಯ. "ಬರೆಯೋದಿದ್ರೆ ಹೊಸದು ಬರಿ, ಹಳೇ ಫೈಲು ಕೆದಕುತ್ತ ಕೂತ್ರೆ ವರ್ಷ ಕಳೆಯುತ್ತೆ" ಅಂದ ಇನ್ನೊಬ್ಬ. ನಾನು ನನ್ನ ಹಳೇ ಬ್ಲಾಗಿನ ಫೈಲುಗಳನ್ನೇ ಕೆದಕಿದೆ. ಹದಿನಾಲ್ಕು ತಿಂಗಳು ಹಿಡಿಯಿತು. ಆದರೆ ಸುಮಾರು ಒಂಬತ್ತು ವರ್ಷ ಆನ್‌ಲೈನ್ ಬರವಣಿಗೆ ಬಿಟ್ಟಂತೆಯೇ ಇದ್ದವನು ಇವತ್ತು ವಾರಕ್ಕೊಂದು ಬರಹ ಹಾಕುತ್ತಿದ್ದೇನೆ, ಈವರೆಗೆ ಒಂದು ವಾರವೂ ತಪ್ಪಿಲ್ಲ.

2007ರಿಂದ 2011ರವರೆಗೆ ಗೂಗಲ್ಲಿನ ತಾಣ ಬ್ಲಾಗರ್‌ನಲ್ಲಿ ಬರೆದೆ, ಆಮೇಲೆ ಸ್ವಂತ ಡೊಮೇನು (ಜಾಲದ ವಿಳಾಸ), ಅದರಲ್ಲಿ ಬ್ಲಾಗು ನಡೆಸಲು ವರ್ಡ್‌ಪ್ರೆಸ್. ಎಲ್ಲ ಸೇರಿ 340ರ ಆಸುಪಾಸು ಬರಹ. 2014ರಲ್ಲಿ ಬಿಟ್ಟೆ. ಯಾಕೆ ಎಂಬುದು ಮನೆಯ ವಿಷಯ, ಇಲ್ಲಿ ಬೇಡ.

ಮರಳಲು ಮೂರು ಸಲ ಸೋತಿದ್ದೇನೆ. ಮೊದಲ ಸಲ ಒಂದು ಹೊಸ ತಾಣದಲ್ಲಿ ಖಾತೆ ತೆರೆದು ಮೂರು ಬರಹ ಬರೆದು ನಿಲ್ಲಿಸಿದೆ. ಎರಡನೆಯ ಸಲದ್ದು ದುಬಾರಿ ಸೋಲು. ಮೂರು ವರ್ಷದ ಹೋಸ್ಟಿಂಗ್ (ತಾಣ ಇಡುವ ಜಾಗದ ಬಾಡಿಗೆ) ಒಟ್ಟಿಗೇ ಕಟ್ಟಿದರೆ ಅಗ್ಗ ಅಂತ ಒಂಬತ್ತು ಸಾವಿರದ ಹತ್ತಿರ ಸುರಿದೆ, ಥೀಮಿಗೆ ನಾಲ್ಕು ಸಾವಿರ. ಎರಡು ತಿಂಗಳು ಬಣ್ಣ, ಫಾಂಟು, ಅಂಚು ಅಂತ ಕಳೆದು, ಕೊನೆಗೆ ಒಂದು ಸಾಲನ್ನೂ ಬರೆಯಲಿಲ್ಲ. ಮೂರನೆಯ ಸಲ ಹಳೇ ಡೊಮೇನು ವಾಪಸು ತರಲು ಹೊರಟೆ. ಅವಧಿ ಮುಗಿದ ಡಾಟ್ ಕಾಮ್ ಹೆಸರು ಕೈಬಿಡುವ ಮೊದಲು ಮಾಲೀಕನೇ ಬಿಡಿಸಿಕೊಳ್ಳಲು 30 ದಿನದ ರಿಡೆಂಪ್ಷನ್ ಅವಧಿ ಇರುತ್ತದಲ್ಲ, ಅದೆಲ್ಲ ಮುಗಿದು ಎಷ್ಟೋ ವರ್ಷವಾಗಿತ್ತು. ನನ್ನ ಹೆಸರಿನ ಪುಟದಲ್ಲಿ ಜೂಜಿನ ಜಾಹೀರಾತು ಕೂತಿತ್ತು. ಬಿಟ್ಟುಕೊಡಲು ಲಕ್ಷದ ಲೆಕ್ಕದಲ್ಲಿ ಕೇಳಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಏಳುನೂರು ಚಿಲ್ಲರೆಗೆ ಡಾಟ್ ಇನ್ ಹೆಸರು ಕೊಂಡು ಆ ಅಧ್ಯಾಯ ಮುಚ್ಚಿದೆ.

ಆಗಲೇ, ಎರಡು ವರ್ಷ ಬಳಸದ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸಬಹುದು ಎಂದು ಗೂಗಲ್ ಹೇಳಿದ ಸುದ್ದಿ ಓದಿದೆ. ಎದೆ ಧಸಕ್ಕೆಂದಿತು. ಹಳೇ ಡೈರಿ ಹುಡುಕಿ ಪಾಸ್‌ವರ್ಡ್ ಹಾಕಿದೆ, ಪುಣ್ಯಕ್ಕೆ ತೆರೆಯಿತು. ಬ್ಲಾಗರ್ ಕಾಲದ 150 ಬರಹ ಒಂದೇ ಏಟಿಗೆ ಇಳಿಸಿಕೊಂಡೆ. ಕನ್ನಡ ಶೀರ್ಷಿಕೆ ಕೊಟ್ಟರೆ ಲಿಂಕಿಗೆ ಬ್ಲಾಗರ್ ಬರೀ 'ಬ್ಲಾಗ್-ಪೋಸ್ಟ್' ಅಂತಲೇ ಹೆಸರಿಡುತ್ತಿತ್ತು ಎನ್ನುವುದು ಆಗ ಬರೆದವರಿಗೆಲ್ಲ ನೆನಪಿರುತ್ತದೆ. ಯಾವುದು ಯಾವುದೆಂದು ತೆರೆದು ತೆರೆದೇ ನೋಡಬೇಕಾಯಿತು.

ವರ್ಡ್‌ಪ್ರೆಸ್ ಕಾಲದ್ದೇ ಕಷ್ಟ. ಇಟ್ಟುಕೊಂಡಿದ್ದ ಬ್ಯಾಕಪ್ ತೆರೆದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲದ ಲ್ಯಾಟಿನ್-1 ಸಂಕೇತದಲ್ಲಿ ತೆಗೆದ ಬ್ಯಾಕಪ್ಪು ಅದು. ಅಕ್ಷರ ಕಲಸಿಹೋಗಿದ್ದರೆ ಸರಿಮಾಡಬಹುದಿತ್ತು, ಪ್ರಶ್ನಾರ್ಥಕವಾದರೆ ಮೂಲ ಬೈಟೇ ಹೋಯಿತು ಅಂತ ಅರ್ಥ. ಹಳೇ ಜಾಲಪುಟಗಳ ನಕಲು ಕೂಡಿಡುವ ವೇಬ್ಯಾಕ್ ಮಷಿನ್‌ನಲ್ಲಿ ಈ ಕಾಲದ 190ರಲ್ಲಿ 110 ಸಿಕ್ಕವು. ಉಳಿದವಕ್ಕೆ ಹಳೇ ಹಾರ್ಡ್ ಡಿಸ್ಕೇ ಗತಿ. ಅಂಗಡಿಯಲ್ಲಿ ಡೇಟಾ ತೆಗೆದುಕೊಡಲು ಹನ್ನೆರಡು ಸಾವಿರ ಕೇಳಿದರು. ನಾನು ಎಂಟುನೂರು ರೂಪಾಯಿಯ ಯುಎಸ್‌ಬಿ ಅಡಾಪ್ಟರ್ ತಂದು ಸಿಕ್ಕಿಸಿದೆ. ಡಿಸ್ಕು ಒಂದೆರಡು ಸಲ ಕಟಕಟ ಅಂದು ತಿರುಗತೊಡಗಿತು. ಆ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು.

ಒಳಗಿದ್ದದ್ದು ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟಿನ ವರ್ಡ್ ಫೈಲುಗಳು. ನುಡಿಯಲ್ಲಿ ಟೈಪಿಸಿ, ಜಾಲದಲ್ಲಿ ಎಲ್ಲೆಡೆ ಓದಲಾಗುವ ಯೂನಿಕೋಡ್ ಸಂಕೇತಕ್ಕೆ ತಿರುಗಿಸಿ ಹಾಕುವುದು ಆಗಿನ ಅಭ್ಯಾಸ. ಸಿದ್ಧ ಪರಿವರ್ತಕಗಳಿವೆ, ಒಂದು ದಿನದಲ್ಲಿ ಮುಗಿಯುತ್ತದೆ ಎಂದರು. ತಿರುಗಿಸುವುದೇನೋ ಮುಗಿಯಿತು, ಓದಿದರೆ ಅಲ್ಲಲ್ಲಿ ಅರ್ಥವೇ ಬದಲು. ನುಡಿಯ ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ನಡುವೆ ಒತ್ತೋ ಗುಣಿತವೋ ಇದ್ದರೆ ಎಷ್ಟು ಹಿಂದಕ್ಕೆ ಜಿಗಿಯಬೇಕೆಂಬ ಲೆಕ್ಕ ತಪ್ಪುತ್ತದೆ. ಆ ಫಾಂಟು ಅಕ್ಷರಗಳನ್ನು ತುಂಡು ತುಂಡಾಗಿ ಕೂಡಿಸುತ್ತದೆ, ಮ ಅಕ್ಷರಕ್ಕೂ ವು ಅಕ್ಷರಕ್ಕೂ ಶುರುವಿನ ತುಂಡುಗಳು ಒಂದೇ. ಚಿಕ್ಕ ತುಂಡನ್ನು ಮೊದಲು ಬದಲಿಸಿದರೆ ಮ ಇರುವ ಕಡೆ ವ ಬಂದು ಕೂರುತ್ತದೆ. ಆದ್ದರಿಂದ ಬದಲಿಸುವ ತುಂಡುಗಳ ಪಟ್ಟಿಯಲ್ಲಿ ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ.

ಇದಕ್ಕಿಂತ ಕಾಡಿದ್ದು ಕಣ್ಣಿಗೇ ಕಾಣದ ತಪ್ಪು. 'ಕೋಟೆ' ಪರದೆಯ ಮೇಲೆ ಸರಿಯಾಗಿದೆ, ಹುಡುಕಿದರೆ ಸಿಗುವುದಿಲ್ಲ. ದೀರ್ಘದ ಗುರುತು ಬೇರೆಯೇ ಒಂದು ಸಂಕೇತವಾಗಿ ಅಂಟಿಕೊಂಡಿತ್ತು. ಎಲ್ಲವನ್ನೂ, ಅಂಥ ಬಿಡಿ ಸಂಕೇತಗಳನ್ನು ಒಂದಾಗಿ ಬೆಸೆಯುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ ತಂದಮೇಲೆ ಸರಿಯಾಯಿತು. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಕೂತ ಕಡೆ ಮಾತ್ರ ಅದೂ ಕೆಲಸಕ್ಕೆ ಬರಲಿಲ್ಲ, ಸಾವಿರಾರು ಸೊನ್ನೆಗಳನ್ನು ಕೈಯಲ್ಲೇ ನೋಡಿದೆ. ಕನ್ನಡದ ನಡುವೆ ಇದ್ದ ಇಂಗ್ಲಿಷ್ ಪದಗಳು ಕಲಸಿಹೋಗದಂತೆ ಮೊದಲೇ ಬೇರ್ಪಡಿಸಲು ಒಂದು ಉಪಾಯ ಕಂಡುಕೊಂಡೆ. ಮೂರು ವಾರ ಒದ್ದಾಡಿ ದಕ್ಕಿದ್ದು, ಅದೊಂದು ನನ್ನ ಬಳಿಯೇ ಇರಲಿ.

ಹೀಗೆ ಡಿಸ್ಕಿನಿಂದ 65 ಬಂದವು. ಎಲ್ಲೂ ಸಿಗದ ಹದಿನೈದರಲ್ಲಿ ಎಂಟಕ್ಕೆ ಮುದ್ರಿತ ಪ್ರತಿ ಇತ್ತು. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಹಾಕಿ ಓದಿಸಿದೆ. ಪ, ಷ, ಫ ಅದಲು ಬದಲು, ಒತ್ತುಗಳು ಎಲ್ಲೆಂದರಲ್ಲಿ. ಎರಡು ಪುಟ ತಿದ್ದುವ ಹೊತ್ತಿನಲ್ಲಿ ನಾಲ್ಕು ಪುಟ ಟೈಪಿಸಬಹುದು ಅಂತ ಗೊತ್ತಾಗಿ ಟೈಪಿಸಿಯೇಬಿಟ್ಟೆ. ಫೋನಿಗೆ ಓದಿ ಹೇಳಿ ಬರೆಸುವ ಪ್ರಯೋಗವೂ ಆಯಿತು. ಮಾತು ಚೆನ್ನಾಗಿ ಹಿಡಿಯುತ್ತದೆ, ಆದರೆ ಪೂರ್ಣವಿರಾಮ ಹಾಕುತ್ತ ಕೂರುವುದು ಟೈಪಿಸುವಷ್ಟೇ ಕೆಲಸ.

ಬರವಣಿಗೆ ಮರಳಿದ್ದು ಈ ತಿದ್ದುವಿಕೆಯಿಂದಲೇ. ಒತ್ತು ಸರಿಪಡಿಸಲು ಪ್ರತಿ ಸಾಲನ್ನೂ ನಿಧಾನವಾಗಿ ಓದಬೇಕು. ಓದುತ್ತ ಓದುತ್ತ ಅಂದು ಬರೆದ ನನ್ನೊಡನೆಯೇ ಜಗಳ ಶುರುವಾಗುತ್ತದೆ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆ: ಫೈಲು ಮುಚ್ಚುವ ಮೊದಲು ಕೆಳಗೆ 'ಈಗ' ಎಂದು ಬರೆದು ಕನಿಷ್ಠ ಮೂರು ವಾಕ್ಯ ಸೇರಿಸಬೇಕು. ಅಂದು ಹೇಳಿದ್ದು ನಿಜವಾಯಿತೋ ಸುಳ್ಳಾಯಿತೋ, ಏನಾದರೂ. ಮೊದಮೊದಲು ಮೂರು ವಾಕ್ಯವೇ ಬೆಟ್ಟ. ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಬರಹದ ಕೆಳಗೆ, ತೀರಿಕೊಂಡ ಗೆಳೆಯನೊಬ್ಬನ ಬಗ್ಗೆ, ಎರಡು ಪುಟ ಹರಿಯಿತು. ಅದನ್ನು ಕತ್ತರಿಸಿ ಪ್ರತ್ಯೇಕವಾಗಿ ಹಾಕಿದೆ. ನನ್ನ ಬ್ಲಾಗಿಗೆ ಒಂಬತ್ತು ವರ್ಷದ ನಂತರ ಬಂದ ಮೊದಲ ಹೊಸ ಬರಹ ಅದು. ಆಮೇಲೆ ಇಂಥವು ಅರವತ್ತರ ಹತ್ತಿರ ಹುಟ್ಟಿದವು.

ತಾಣ ಈಗ ಪುಟ ಕಟ್ಟಿಕೊಡುವ ಹ್ಯೂಗೊ ತಂತ್ರಾಂಶದಲ್ಲಿದೆ, ತಾಣಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆ ನಿಂತಿದೆ. ವರ್ಷಕ್ಕೆ ಡೊಮೇನಿನ ಹಣವಷ್ಟೇ ಖರ್ಚು. ಲಿಂಕುಗಳನ್ನು ಕನ್ನಡದಲ್ಲೇ ಇಟ್ಟು ನೋಡಿದೆ. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟು, ನಕಲಿಸಿ ಅಂಟಿಸಿದಾಗ ಒಂಬತ್ತು ಚಿಹ್ನೆಯಾಗಿ ಹಿಗ್ಗುತ್ತದೆ, ಕಳಿಸಿದವರೇ ಗಾಬರಿಬಿದ್ದರು. ಈಗ ರೋಮನ್ ಲಿಪಿಯಲ್ಲಿ ಗಿಡ್ಡದಾಗಿ ಇಡುತ್ತೇನೆ. ಹೊಸ ಬರಹ ಬಂದದ್ದು ಓದುಗರಿಗೆ ತಾನೇ ತಿಳಿಯಲೆಂದು ಆರೆಸ್ಸೆಸ್ ಫೀಡು ಕೊಟ್ಟಿದ್ದೇನೆ, ಓದುಗರನ್ನು ಎಣಿಸುವ ಸಾಧನ ಹಾಕಿಲ್ಲ, ಹಾಕುವುದೂ ಇಲ್ಲ.

ಏಳು ಬರಹ ಸಿಗಲೇ ಇಲ್ಲ. ಅವುಗಳ ಶೀರ್ಷಿಕೆ, ತಾರೀಖು ಮಾತ್ರ ಗೊತ್ತು. ಅವುಗಳಿಗೂ ಒಂದೊಂದು ಖಾಲಿ ಪುಟ ಮಾಡಿ ಕೆಳಗೆ 'ಈಗ' ಎಂದು ಬರೆದಿಟ್ಟಿದ್ದೇನೆ. ಮೂರಕ್ಕೆ ಬರೆದಾಯಿತು, ಈ ಭಾನುವಾರ ನಾಲ್ಕನೆಯದು.