ನಮಾಝ್‌ನಲ್ಲಿ ಮನಸ್ಸು ನಿಲ್ಲಿಸುವುದು, ನಮಾಝ್‌ನಾಚೆ ಧ್ಯಾನಕ್ಕೆ ಕೂರುವುದು

ನಮಾಝ್‌ಗೆ ನಿಂತ ಕೂಡಲೇ ಮನಸ್ಸು ಅಂಗಡಿ ಲೆಕ್ಕಕ್ಕೋ ಮಕ್ಕಳ ಫೀಸಿಗೋ ಓಡುತ್ತದೆ ಎಂಬುದು ಹಳೆಯ ದೂರು. ಇದಕ್ಕೆ ಪರಿಹಾರ ಎಂದುಕೊಂಡು ಕೆಲವರು ತರಗತಿಯಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಕಲಿತ ಧ್ಯಾನವನ್ನು ನೇರ ನಮಾಝ್‌ನೊಳಕ್ಕೇ ತಂದುಬಿಡುತ್ತಾರೆ. ಕಣ್ಣು ಮುಚ್ಚುತ್ತಾರೆ, ಉಸಿರು ಎಣಿಸುತ್ತಾರೆ, ತಲೆಯನ್ನು ಖಾಲಿ ಮಾಡಲು ನೋಡುತ್ತಾರೆ. ಆಗ ನಮಾಝೂ ಕೆಡುತ್ತದೆ, ಧ್ಯಾನವೂ ಕೂಡುವುದಿಲ್ಲ. ನಮಾಝ್‌ಗೆ ಹೊತ್ತು, ದಿಕ್ಕು, ಮಾತು, ಚಲನೆ ಎಲ್ಲವೂ ನಿಗದಿ. ಅಲ್ಲಿ ಬೇಕಾದದ್ದು ಖಾಲಿ ಮನಸ್ಸಲ್ಲ, ಆಡುವ ಮಾತಿನ ಮೇಲೆ ನಿಂತ ಮನಸ್ಸು. ಸುಮ್ಮನೆ ಕೂರುವ ಧ್ಯಾನಕ್ಕೆ, ಅಂದರೆ ಝಿಕ್ರ್ (ದೇವಸ್ಮರಣೆ), ತಫಕ್ಕುರ್ (ಚಿಂತನೆ), ಮುರಾಕಬಾ (ಅಲ್ಲಾಹ ನೋಡುತ್ತಿದ್ದಾನೆಂಬ ಅರಿವಿನಲ್ಲಿ ಕೂರುವುದು) ಇವುಗಳಿಗೆ, ನಮಾಝ್‌ನ ಹಿಂದೆ ಮುಂದೆ ಬೇಕಾದಷ್ಟು ಜಾಗವಿದೆ. ‘ನಮಾಝ್ ಮುಗಿಸಿದ ಮೇಲೆ ನಿಂತು, ಕೂತು, ಮಲಗಿ ಅಲ್ಲಾಹನನ್ನು ಸ್ಮರಿಸಿ’ ಎಂದು ಕುರ್‌ಆನ್ (4:103) ಆ ಜಾಗವನ್ನೇ ತೋರಿಸುತ್ತದೆ. ಯಾವುದನ್ನು ಎಲ್ಲಿ ಮಾಡಬೇಕು ಎಂಬುದು ತಿಳಿದರೆ ಅರ್ಧ ಕೆಲಸ ಆದಂತೆ.

ತಕ್ಬೀರ್‌ಗೆ (ನಮಾಝ್ ಶುರುಮಾಡುವ ‘ಅಲ್ಲಾಹು ಅಕ್ಬರ್’ಗೆ) ಮುಂಚೆ

ಹೊಟ್ಟೆ ಹಸಿದು ಊಟ ಎದುರಿಗೆ ಬಂದಿದ್ದರೆ ಮೊದಲು ಊಟ ಮಾಡಿ. ಮಲಮೂತ್ರದ ಒತ್ತಡವಿದ್ದರೆ ಮೊದಲು ಅದನ್ನು ಮುಗಿಸಿ. ಈ ಎರಡು ಸ್ಥಿತಿಯಲ್ಲಿ ನಮಾಝ್‌ಗೆ ನಿಲ್ಲಬಾರದೆಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸ್ಪಷ್ಟವಾಗಿ ಹೇಳುತ್ತದೆ. ‘ವುಝೂ (ನಮಾಝ್‌ಗೆ ಮುಂಚೆ ಕೈಕಾಲು ಮುಖ ತೊಳೆಯುವ ಶುದ್ಧಿ) ಇನ್ನೂ ಉಳಿದಿದೆ, ಇದೊಂದು ಮುಗಿಸಿಬಿಡೋಣ’ ಎಂದು ತಡೆದುಕೊಂಡು ನಿಂತವರ ಗಮನ ಕೊನೆಯವರೆಗೂ ಹೊಟ್ಟೆಯ ಮೇಲೆಯೇ ಇರುತ್ತದೆ.

ವುಝೂವನ್ನು ನಿಧಾನಕ್ಕೆ ಮಾಡಿ, ಆದರೆ ನೀರು ಕಡಿಮೆ ಇರಲಿ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು, ಅಂದರೆ ಮುಕ್ಕಾಲು ಲೀಟರಿನೊಳಗೆ. ನಲ್ಲಿ ಪೂರ್ತಿ ತಿರುಗಿಸಿದರೆ ಕೈಯೂ ಅವಸರಕ್ಕೆ ಬೀಳುತ್ತದೆ. ಒಂದು ಚೊಂಬು ನೀರು ಇಟ್ಟುಕೊಂಡು ನೋಡಿ, ಅಂಗ ಅಂಗದ ಮೇಲೆ ಗಮನ ತಾನಾಗಿ ಬರುತ್ತದೆ. ಮೂರು ಸಲ ತೊಳೆದ ಮೇಲೆ ನಾಲ್ಕನೆಯ ಸಲ ಬೇಡ.

ಜಮಾಅತ್ (ಸಾಮೂಹಿಕ ನಮಾಝ್) ತಪ್ಪುತ್ತದೆಂದು ಓಡಬೇಡಿ. ಇಮಾಮರು ರುಕೂಗೆ (ಬಾಗುವ ಹಂತಕ್ಕೆ) ಹೋದ ಸದ್ದು ಕೇಳಿ ಚಪ್ಪಲಿ ಎಸೆದು ಓಡಿಬರುವುದು ನಮ್ಮ ಮಸೀದಿಗಳಲ್ಲಿ ದಿನವೂ ಕಾಣುವ ದೃಶ್ಯ. ಶಾಂತವಾಗಿ ಬನ್ನಿ, ಸಿಕ್ಕಿದ್ದನ್ನು ನಮಾಝ್ ಮಾಡಿ, ತಪ್ಪಿದ್ದನ್ನು ಪೂರ್ತಿಗೊಳಿಸಿ ಎಂಬುದು ಹದೀಸ್‌ನ ಆದೇಶ. ಏದುಸಿರಿನಲ್ಲಿ ನಿಂತವರಿಗೆ ಒಂದು ರಕಅತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತು) ಪೂರ್ತಿ ಉಸಿರು ಸರಿಯಾಗುವುದರಲ್ಲೇ ಕಳೆಯುತ್ತದೆ.

ಅಝಾನ್‌ಗೂ ಇಕಾಮತ್‌ಗೂ (ಜಮಾಅತ್ ಶುರುವಾಗುವ ಮುಂಚಿನ ಕರೆಗೂ) ನಡುವೆ ಐದು ನಿಮಿಷ ಸುಮ್ಮನೆ ಕೂರಿ. ಉಸಿರಾಟದ ಅಭ್ಯಾಸ ಗೊತ್ತಿದ್ದರೆ ಅದರ ಜಾಗ ಇದು. ಉಸಿರನ್ನು ನಿಧಾನಗೊಳಿಸುವುದು ಆರಾಧನೆಯಲ್ಲ, ಮೈಯನ್ನು ತಣಿಸುವ ಉಪಾಯ ಅಷ್ಟೆ. ಮೊಬೈಲನ್ನು ವೈಬ್ರೇಟ್‌ನಲ್ಲಿಟ್ಟು ಜೇಬಿಗೆ ಹಾಕಬೇಡಿ, ತೊಡೆಯ ಮೇಲೆ ನಡುಗುವ ಫೋನು ರಿಂಗಿನಷ್ಟೇ ಕೆಟ್ಟದ್ದು. ಪೂರ್ತಿ ಆಫ್ ಮಾಡಿ. ಮನೆಯಲ್ಲಾದರೆ ಚಿತ್ತಾರ ತುಂಬಿದ ಮುಸಲ್ಲಾಕ್ಕಿಂತ (ನಮಾಝ್ ಚಾಪೆಗಿಂತ) ಸಾದಾ ಬಟ್ಟೆ ಮೇಲು. ಗೆರೆಗಳಿದ್ದ ಉಡುಪೊಂದು ನಮಾಝ್‌ನಲ್ಲಿ ಗಮನ ಸೆಳೆಯಿತೆಂದು ಪ್ರವಾದಿ(ಸ) ಅದನ್ನು ಕಳಚಿ ವಾಪಸು ಕಳಿಸಿದ್ದರು.

ಫಾತಿಹಾ: ಮನಸ್ಸು ತಪ್ಪಿಸಿಕೊಳ್ಳುವ ಜಾಗ

ದಿನದ ಕಡ್ಡಾಯ ನಮಾಝ್‌ಗಳಲ್ಲೇ 17 ರಕಅತ್‌ಗಳಿವೆ. ಸುನ್ನತ್ (ಪ್ರವಾದಿಯವರ ರೂಢಿಯ ಹೆಚ್ಚುವರಿ ನಮಾಝ್) ಸೇರಿಸಿದರೆ ಫಾತಿಹಾವನ್ನು, ಅಂದರೆ ಕುರ್‌ಆನ್‌ನ ಮೊದಲ ಅಧ್ಯಾಯವನ್ನು, ಸುಮಾರು ಮೂವತ್ತು ಸಲ ಓದುತ್ತೇವೆ. ಇಷ್ಟು ಸಲ ಓದಿದ್ದನ್ನು ನಾಲಿಗೆ ತಾನೇ ಓದಿಕೊಂಡು ಹೋಗುತ್ತದೆ, ಮನಸ್ಸಿಗೆ ಕೆಲಸವೇ ಇರುವುದಿಲ್ಲ. ಕೆಲಸವಿಲ್ಲದ್ದರಿಂದಲೇ ಅದು ಅಂಗಡಿಗೆ ಹೋಗುವುದು. ಪರಿಹಾರ ಮನಸ್ಸನ್ನು ಅದುಮುವುದಲ್ಲ, ಅದಕ್ಕೆ ಕೆಲಸ ಕೊಡುವುದು.

ಒಂದು ಆಯತ್‌ಗೆ (ವಾಕ್ಯಕ್ಕೆ) ಒಂದು ಉಸಿರು. ಪ್ರತಿ ಆಯತ್ ಮುಗಿದಾಗ ನಿಲ್ಲಿ. ಆ ಬಿಡುವಿನಲ್ಲಿ ಏನಿದೆ ಎಂಬುದನ್ನು ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದ ಹದೀಸ್ ಕುದ್ಸಿಯೊಂದು (ಅಲ್ಲಾಹನ ಮಾತನ್ನು ಪ್ರವಾದಿ ತಿಳಿಸಿದ ಹದೀಸ್) ಹೇಳಿಕೊಡುತ್ತದೆ. ನಮಾಝನ್ನು ನನಗೂ ನನ್ನ ದಾಸನಿಗೂ ಎರಡು ಪಾಲು ಮಾಡಿದ್ದೇನೆ ಎನ್ನುತ್ತಾನೆ ಅಲ್ಲಾಹ. ದಾಸ ‘ಅಲ್‌ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್’ ಎಂದಾಗ ‘ನನ್ನ ದಾಸ ನನ್ನನ್ನು ಸ್ತುತಿಸಿದ’ ಎಂಬ ಉತ್ತರ. ‘ಅರ್ರಹ್ಮಾನಿರ್ರಹೀಮ್’ಗೆ ‘ನನ್ನನ್ನು ಕೊಂಡಾಡಿದ’, ‘ಮಾಲಿಕಿ ಯೌಮಿದ್ದೀನ್’ಗೆ ‘ನನ್ನ ಹಿರಿಮೆಯನ್ನು ಸಾರಿದ’. ‘ಇಯ್ಯಾಕ ನಅ್‌ಬುದು ವ ಇಯ್ಯಾಕ ನಸ್ತಈನ್’ ಎಂಬಲ್ಲಿ ‘ಇದು ನನ್ನ ಮತ್ತು ನನ್ನ ದಾಸನ ನಡುವಿನದು, ಅವನು ಕೇಳಿದ್ದು ಅವನಿಗಿದೆ’. ಅಲ್ಲಿಂದ ಮುಂದಿನದೆಲ್ಲ ದಾಸನ ಪಾಲು. ಈ ಉತ್ತರಗಳನ್ನು ಬಾಯಿಪಾಠ ಮಾಡಿಕೊಳ್ಳಿ. ನಮಾಝ್‌ನಲ್ಲಿ ಅವನ್ನು ನಾಲಿಗೆಯಲ್ಲಿ ಆಡುವುದಲ್ಲ, ಬಿಡುವಿನಲ್ಲಿ ನೆನೆಯುವುದು. ಬಿಡುವು ಎರಡು ಸೆಕೆಂಡ್ ಸಾಕು. ಇಷ್ಟು ಮಾಡಿದರೆ ಫಾತಿಹಾಕ್ಕೆ ಸುಮಾರು ನಲವತ್ತು ಸೆಕೆಂಡ್ ಹಿಡಿಯುತ್ತದೆ. ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿದ್ದರೆ ಬಿಡುವೇ ಇಲ್ಲವೆಂದು ತಿಳಿಯಿರಿ.

ಮೌನವಾಗಿ ಓದುವ ನಮಾಝ್‌ನಲ್ಲೂ ತುಟಿ, ನಾಲಿಗೆ ಅಲ್ಲಾಡಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಅದು ಓದಾಗುವುದಿಲ್ಲ. ಧ್ಯಾನದ ಅಭ್ಯಾಸವಿದ್ದವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಬಹುತೇಕ ಶಾಫಿಈ ಮದ್‌ಹಬ್‌ನವರು (ಮದ್‌ಹಬ್ ಎಂದರೆ ಧಾರ್ಮಿಕ ನಿಯಮಗಳ ಪಂಥ), ಇಮಾಮರ ಹಿಂದೆಯೂ ಫಾತಿಹಾ ಓದುತ್ತಾರೆ. ಒಳನಾಡಿನ ಹನಫಿ ಮದ್‌ಹಬ್‌ನವರು ಓದುವುದಿಲ್ಲ. ಹಾಗಾಗಿ ಮೌನವಾಗಿ ಓದುವ ಝುಹ್ರ್ (ಮಧ್ಯಾಹ್ನ), ಅಸ್ರ್ (ಇಳಿಹಗಲು) ನಮಾಝ್‌ಗಳಲ್ಲಿ ಹನಫಿಗಳಿಗೆ ನಿಂತಷ್ಟು ಹೊತ್ತೂ ನಾಲಿಗೆಗೆ ಕೆಲಸವಿಲ್ಲ, ಮನಸ್ಸು ಅತಿ ಹೆಚ್ಚು ಅಲೆಯುವುದು ಆಗಲೇ. ಅಲ್ಲಿ ನಾಲಿಗೆ ಅಲ್ಲಾಡಿಸದೆ ಫಾತಿಹಾದ ಅರ್ಥವನ್ನೇ ಒಂದೊಂದಾಗಿ ಒಳಗೆ ಹಾಯಿಸಿಕೊಳ್ಳಿ.

ಫಾತಿಹಾದ ನಂತರ ಯಾವಾಗಲೂ ‘ಕುಲ್ ಹುವಲ್ಲಾಹು ಅಹದ್’ ಒಂದನ್ನೇ ಓದುವ ರೂಢಿಯನ್ನು ಬಿಡಿ. ಎರಡು ವಾರಕ್ಕೆ ಒಂದು ಚಿಕ್ಕ ಸೂರಾವನ್ನು (ಅಧ್ಯಾಯವನ್ನು) ಕನ್ನಡ ಅರ್ಥದೊಂದಿಗೆ ಕಲಿತು ಸೇರಿಸಿಕೊಳ್ಳಿ. ಹೊಸದಾಗಿ ಕಲಿತದ್ದನ್ನು ಮನಸ್ಸಿಟ್ಟು ಓದದೆ ಬೇರೆ ದಾರಿಯೇ ಇರುವುದಿಲ್ಲ.

ನೋಟ ಸಜ್ದಾದ (ಹಣೆ ನೆಲಕ್ಕಿಡುವ) ಜಾಗದ ಮೇಲಿರಲಿ. ಕಣ್ಣು ಮುಚ್ಚುವುದು ಮಕ್‌ರೂಹ್ (ಮಾಡದಿದ್ದರೆ ಮೇಲು) ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಎದುರಿಗೆ ಗಮನ ಸೆಳೆಯುವಂಥದ್ದು ಇದ್ದು ಅದನ್ನು ಸರಿಸಲಾಗದಿದ್ದರೆ ಮುಚ್ಚಬಹುದು ಎಂದವರೂ ಇದ್ದಾರೆ. ಮುಚ್ಚಿದ ಕಣ್ಣಿನ ಮುಂದೆ ಚಿತ್ರಗಳು ಇನ್ನೂ ಹೆಚ್ಚು ಓಡುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ.

ರುಕೂ, ಸಜ್ದಾ ಮತ್ತು ನಡುವಿನ ನಿಲುಗಡೆ

ಅವಸರದಿಂದ ನಮಾಝ್ ಮಾಡಿ ಬಂದ ಒಬ್ಬರನ್ನು ಪ್ರವಾದಿ(ಸ) ‘ಹೋಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ’ ಎಂದು ಮೂರು ಸಲ ವಾಪಸು ಕಳಿಸಿದ ಪ್ರಸಂಗ ಪ್ರಸಿದ್ಧ. ಅಲ್ಲಿ ತಪ್ಪಿದ್ದು ಅಂಗಾಂಗಗಳು ನೆಲೆಗೊಳ್ಳುವ ತುಮಅ್‌ನೀನತ್. ಶಾಫಿಈಗಳಲ್ಲಿ ಇದು ರುಕ್ನ್, ಬಿಟ್ಟರೆ ನಮಾಝೇ ಆಗದು. ಹನಫಿಗಳಲ್ಲಿ ವಾಜಿಬ್ (ಕಡ್ಡಾಯ, ಆದರೆ ರುಕ್ನ್‌ಗಿಂತ ಒಂದು ಮೆಟ್ಟಿಲು ಕೆಳಗೆ). ಕನಿಷ್ಠ ಅಳತೆ, ಒಂದು ತಸ್ಬೀಹ್ (‘ಸುಬ್ಹಾನ’ ಎಂದು ಶುರುವಾಗುವ ಸ್ತುತಿ) ಹೇಳುವಷ್ಟು ಹೊತ್ತು ಮೈ ಪೂರ್ತಿ ಸ್ತಬ್ಧವಾಗಬೇಕು. ಬಾಗುತ್ತ ಬಾಗುತ್ತಲೇ ‘ಸುಬ್ಹಾನ ರಬ್ಬಿಯಲ್ ಅಝೀಮ್’ ಶುರುಮಾಡಬೇಡಿ. ಬಾಗಿ, ಬೆನ್ನು ನೇರವಾಗಿ, ಕೈ ಮೊಣಕಾಲು ಹಿಡಿದ ಮೇಲೆ ಮೂರು ಸಲ ಹೇಳಿ.

ಜನ ಹೆಚ್ಚು ತಪ್ಪುವುದು ರುಕೂನಲ್ಲೂ ಅಲ್ಲ, ಸಜ್ದಾದಲ್ಲೂ ಅಲ್ಲ, ಅವುಗಳ ನಡುವೆ. ರುಕೂನಿಂದ ಅರ್ಧ ಎದ್ದು ಹಾಗೆಯೇ ಕೆಳಗಿಳಿಯುವುದು, ಎರಡು ಸಜ್ದಾಗಳ ನಡುವೆ ಕೂರುವ ಬದಲು ತಲೆ ಎತ್ತಿ ಇಳಿಸುವುದು. ಎದ್ದು ನೇರ ನಿಂತು ‘ರಬ್ಬನಾ ಲಕಲ್ ಹಮ್ದ್’ ಹೇಳಿ ಮುಗಿಸಿಯೇ ಇಳಿಯಿರಿ. ನಡುವೆ ಕೂತಾಗ ‘ರಬ್ಬಿಗ್‌ಫಿರ್‌ಲೀ’ ಎಂದು ಎರಡು ಸಲ ಹೇಳಿ. ನಮಾಝ್‌ನೊಳಗೆ ಧ್ಯಾನದ ನಿಶ್ಚಲತೆ ಬೇಕೆನ್ನುವವರಿಗೆ ಅದು ಸಿಗುವುದು ಈ ಎರಡು ಜಾಗಗಳಲ್ಲೇ.

ಸಜ್ದಾದಲ್ಲಿ ಏಳು ಅಂಗಗಳು ನೆಲ ಮುಟ್ಟಬೇಕು: ಮೂಗಿನೊಂದಿಗೆ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳು. ಗಂಡಸರು ಮೊಣಕೈಗಳನ್ನು ನೆಲದಿಂದ ಎತ್ತಿ ಹಿಡಿಯಬೇಕು. ದಾಸ ತನ್ನ ಪ್ರಭುವಿಗೆ ಅತಿ ಸಮೀಪವಿರುವುದು ಸಜ್ದಾದಲ್ಲಿ, ಅಲ್ಲಿ ದುಆ (ಬೇಡಿಕೆ) ಹೆಚ್ಚಿಸಿ ಎಂದು ಹದೀಸ್ ಇದೆ. ಒಬ್ಬರೇ ಮಾಡುವ ನಫಿಲ್ (ಕಡ್ಡಾಯವಲ್ಲದ) ನಮಾಝ್‌ನ ಸಜ್ದಾವನ್ನು ಒಂದು ನಿಮಿಷಕ್ಕೆ ಹಿಗ್ಗಿಸಿ ಅಭ್ಯಾಸ ಮಾಡಿ. ಹನಫಿಗಳು ನಮಾಝ್‌ನೊಳಗೆ ಅರಬಿಯಲ್ಲದ ದುಆ ಒಪ್ಪುವುದಿಲ್ಲ. ಅವರು ಕುರ್‌ಆನ್, ಹದೀಸ್‌ನ ದುಆಗಳನ್ನು ಅಲ್ಲಿ ಹೇಳಿ, ಕನ್ನಡದಲ್ಲೋ ದಖ್ಖನಿಯಲ್ಲೋ ಕೇಳುವುದನ್ನು ಸಲಾಮ್‌ನ (ನಮಾಝ್ ಮುಗಿಸುವ ಮಾತಿನ) ನಂತರ ಕೇಳಲಿ.

ಮನಸ್ಸು ಹೋಯಿತು, ಲೆಕ್ಕ ತಪ್ಪಿತು

ಮನಸ್ಸು ಅಲೆದದ್ದಕ್ಕೆ ನಮಾಝ್ ಮುರಿಯುವುದಿಲ್ಲ, ಸಜ್ದಾ ಸಹ್ವ್ (ಮರೆವಿಗಾಗಿ ಮಾಡುವ ಹೆಚ್ಚುವರಿ ಸಜ್ದಾ) ಕೂಡ ಬೇಕಿಲ್ಲ. ಗೊತ್ತಾದ ಕ್ಷಣ ಓದುತ್ತಿರುವ ಆಯತ್‌ಗೆ ಮರಳಿ. ಹಿಂದಿನದನ್ನು ಮತ್ತೆ ಓದಬೇಡಿ, ‘ಛೆ’ ಎಂದು ಹಳಹಳಿಸಬೇಡಿ, ಹಳಹಳಿಕೆಯೂ ಅಲೆದಾಟವೇ. ಕಾಟ ಜಾಸ್ತಿಯಾದರೆ ಅಲ್ಲಾಹನ ಅಭಯ ಕೋರಿ ಎಡಗಡೆಗೆ ಎಂಜಲಿಲ್ಲದೆ ಮೂರು ಸಲ ಮೆಲ್ಲಗೆ ಉಗುಳಿದಂತೆ ಮಾಡುವುದನ್ನು ಪ್ರವಾದಿ(ಸ) ತಮ್ಮ ಅನುಯಾಯಿ ಉಸ್ಮಾನ್ ಬಿನ್ ಅಬುಲ್ ಆಸ್‌ರಿಗೆ ಕಲಿಸಿದ್ದರು.

ಆದ ರಕಅತ್ ಮೂರೋ ನಾಲ್ಕೋ ಎಂಬ ಅನುಮಾನ ಬಂದರೆ ಶಾಫಿಈಗಳು ಕಡಿಮೆ ಸಂಖ್ಯೆಯನ್ನು, ಅಂದರೆ ಮೂರನ್ನು, ಹಿಡಿದು ಮುಂದುವರಿದು ಸಲಾಮ್‌ಗೆ ಮುಂಚೆ ಎರಡು ಸಜ್ದಾ ಮಾಡುತ್ತಾರೆ. ಹನಫಿಗಳಲ್ಲಿ ಪದೇಪದೇ ಅನುಮಾನ ಬರುವವರು ಮನಸ್ಸು ಬಲವಾಗಿ ವಾಲಿದ ಸಂಖ್ಯೆಯನ್ನು ಹಿಡಿಯುತ್ತಾರೆ, ಎತ್ತಲೂ ವಾಲದಿದ್ದರೆ ಕಡಿಮೆಯದನ್ನು. ಅತ್ತಹಿಯ್ಯಾತ್ (ನಮಾಝ್‌ನಲ್ಲಿ ಕೂತು ಓದುವ ಪಾಠ) ಓದಿ ಬಲಕ್ಕೆ ಒಂದು ಸಲಾಮ್ ಹೇಳಿ ಎರಡು ಸಜ್ದಾ ಮಾಡಿ, ಮತ್ತೆ ಅತ್ತಹಿಯ್ಯಾತ್ ಓದಿ ಮುಗಿಸುತ್ತಾರೆ.

ವುಝೂವನ್ನು, ತಕ್ಬೀರನ್ನು ಮತ್ತೆ ಮತ್ತೆ ಮಾಡಿದರೂ ಸಮಾಧಾನವಾಗದಿರುವುದು ಭಕ್ತಿಯಲ್ಲ, ವಸ್ವಾಸ್ (ಕಾಡುವ ಶಂಕೆ). ಅನುಮಾನಕ್ಕೆ ಸೊಪ್ಪು ಹಾಕದಿರುವುದೇ ಅದರ ಮದ್ದು. ದಿನದ ಕೆಲಸಕ್ಕೇ ಅಡ್ಡಿಯಾಗುವಷ್ಟು ಬೆಳೆದಿದ್ದರೆ ಮನೋವೈದ್ಯರನ್ನು ಕಾಣಿ. ಅಂಥವರು ದೀರ್ಘ ಧ್ಯಾನಕ್ಕೆ ಕೂತರೆ ಅನುಮಾನ ಇನ್ನಷ್ಟು ಬೆಳೆಯಬಹುದು.

ಸಲಾಮ್ ಆದ ಮೇಲೆ

ಎದ್ದು ಹೋಗಬೇಡಿ. ಮೂರು ಸಲ ಅಸ್ತಗ್‌ಫಿರುಲ್ಲಾಹ್, ಆಮೇಲೆ ಸುಬ್ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34. ಬಿಡಿಸಿ ಹೇಳಿದರೆ ನೂರಕ್ಕೆ ಮೂರು ನಿಮಿಷ. ಒಂದೇ ನಿಮಿಷದಲ್ಲಿ ಮುಗಿದರೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದರ್ಥ. ಪ್ರವಾದಿ(ಸ) ಬಲಗೈ ಬೆರಳಲ್ಲಿ ಎಣಿಸುತ್ತಿದ್ದರು. ತಸ್ಬೀಹ್ ಮಣಿಸರವನ್ನು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಬೆರಳಿಗೆ ಸಿಕ್ಕಿಸುವ ಡಿಜಿಟಲ್ ಕೌಂಟರ್‌ನ ತೊಂದರೆ ಏನೆಂದರೆ ಕಣ್ಣು ಅಂಕಿಯ ಮೇಲೆಯೇ ಇರುತ್ತದೆ.

ಕೂತು ಮಾಡುವ ಧ್ಯಾನ

ಫಜ್ರ್ (ಮುಂಜಾನೆ) ನಮಾಝ್‌ನಿಂದ ಸೂರ್ಯೋದಯದವರೆಗೆ, ಅಸ್ರ್‌ನಿಂದ ಸೂರ್ಯಾಸ್ತದವರೆಗೆ ಸಾಮಾನ್ಯ ನಫಿಲ್ ನಮಾಝ್‌ಗೆ ಅನುಮತಿಯಿಲ್ಲ. ಬೆಳಗ್ಗೆ ಸಂಜೆ ನಿನ್ನ ಪ್ರಭುವನ್ನು ಮನದೊಳಗೆ, ವಿನಮ್ರನಾಗಿ, ದನಿ ಏರಿಸದೆ ಸ್ಮರಿಸು ಎಂದು ಕುರ್‌ಆನ್ (7:205) ಹೇಳುವುದು ಈ ಹೊತ್ತುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಪ್ರವಾದಿ(ಸ) ಫಜ್ರ್ ಮುಗಿಸಿ ಸೂರ್ಯ ಚೆನ್ನಾಗಿ ಮೂಡುವವರೆಗೆ ಕೂತಲ್ಲೇ ಇರುತ್ತಿದ್ದರು. ನಮ್ಮಲ್ಲಿ ಜಮಾಅತ್ ಮುಗಿದ ಮೇಲೆ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆಯಷ್ಟು ಸಮಯ ಸಿಗುತ್ತದೆ. ಹತ್ತು ನಿಮಿಷದಿಂದ ಶುರುಮಾಡಿ.

ಅತ್ತಹಿಯ್ಯಾತ್‌ಗೆ ಕೂರುವಂತೆ ಅಥವಾ ಚಕ್ಕಳಮಕ್ಕಳ ಹಾಕಿ ಕೂರಿ, ಮಂಡಿನೋವಿದ್ದರೆ ಕುರ್ಚಿ. ಇಲ್ಲಿ ಕಣ್ಣು ಮುಚ್ಚಲು ಅಡ್ಡಿಯಿಲ್ಲ. ಮೊದಲು ‘ಲಾ ಇಲಾಹ ಇಲ್ಲಲ್ಲಾಹ್’ ಎಂದು ನಿಮ್ಮ ಕಿವಿಗೆ ಕೇಳುವಷ್ಟು ದನಿಯಲ್ಲಿ ನೂರು ಸಲ ಹೇಳಿ. ದನಿಯನ್ನು ಕ್ರಮೇಣ ಇಳಿಸಿ ನಿಲ್ಲಿಸಿ. ಆಮೇಲೆ ಮೂರ್ನಾಲ್ಕು ನಿಮಿಷ ಒಂದೇ ಅರಿವಿನಲ್ಲಿರಿ: ಅಲ್ಲಾಹ ನನ್ನನ್ನು ನೋಡುತ್ತಿದ್ದಾನೆ. ‘ನೀನು ಅವನನ್ನು ನೋಡುತ್ತಿರುವಂತೆ ಆರಾಧಿಸು, ನೀನು ನೋಡದಿದ್ದರೂ ಅವನು ನಿನ್ನನ್ನು ನೋಡುತ್ತಿದ್ದಾನೆ’ ಎಂಬ, ದೇವದೂತ ಜಿಬ್ರೀಲ್‌ರ ಹದೀಸ್‌ನ ಮಾತು ಮುರಾಕಬಾದ ತಳಹದಿ. ಯಾವ ರೂಪವನ್ನೂ ಕಲ್ಪಿಸಿಕೊಳ್ಳಬೇಡಿ. ಬೆಳಕನ್ನೋ ದನಿಯನ್ನೋ ಕಾಯುತ್ತ ಕೂರಬೇಡಿ. ಯೋಚನೆ ಬಂದರೆ ಒಂದು ಸಲ ಝಿಕ್ರ್ ಹೇಳಿ ಮರಳಿ. ಕೊನೆಗೆ ಒಂದು ಆಯತನ್ನು ಎತ್ತಿಕೊಂಡು ಯೋಚಿಸಿ. ಆಕಾಶ ಭೂಮಿಯ ಸೃಷ್ಟಿಯ ಬಗ್ಗೆ ಚಿಂತಿಸುವವರನ್ನು ಹೇಳುವ 3:191 ಮೊದಲ ವಾರಕ್ಕೆ ಒಳ್ಳೆಯದು. ನಿಮ್ಮ ಭಾಷೆಯಲ್ಲಿ ದುಆ ಮಾಡಿ ಮುಗಿಸಿ. ಸೂರ್ಯ ಮೂಡಿ ಹದಿನೈದು ಇಪ್ಪತ್ತು ನಿಮಿಷವಾದ ಮೇಲೆ ಎರಡು ರಕಅತ್ ಇಶ್ರಾಕ್ ನಮಾಝ್ ಮಾಡಬಹುದು.

ಸೂಫಿ ತರೀಕತ್‌ಗಳಲ್ಲಿ (ಸಾಧನಾ ಪಂಥಗಳಲ್ಲಿ) ಇದರ ವಿಸ್ತಾರವಾದ ಪದ್ಧತಿಗಳಿವೆ. ನಕ್ಷ್‌ಬಂದಿಗಳದು ಮೌನ ಝಿಕ್ರ್, ನಾಲಿಗೆಯನ್ನು ಬಾಯಿಯ ಅಂಗುಳಕ್ಕೆ ತಾಗಿಸಿ ಹೃದಯದಲ್ಲೇ ‘ಅಲ್ಲಾಹ್’ ಎನ್ನುವುದು. ಖಾದಿರಿ, ಚಿಶ್ತಿಗಳಲ್ಲಿ ದನಿಯ ಝಿಕ್ರ್‌ಗೆ ಹೆಚ್ಚು ಜಾಗ. ಕಲಬುರಗಿಯ ಖ್ವಾಜಾ ಬಂದೇ ನವಾಝ್ (1321–1422) ಚಿಶ್ತಿ ಪರಂಪರೆಯವರು. ಅಹ್ಲೆ ಹದೀಸ್ ಪಂಗಡದವರು ಇಂಥ ನಿಗದಿತ ಪದ್ಧತಿಗಳನ್ನು ಬಿದ್‌ಅತ್ (ಧರ್ಮದಲ್ಲಿ ಹೊಸದಾಗಿ ಸೇರಿಸಿದ್ದು) ಎನ್ನುತ್ತಾರೆ. ಆ ವಾದವನ್ನು ಇಲ್ಲಿ ತೀರಿಸಲಾಗದು. ಮೇಲೆ ಹೇಳಿದ ಕ್ರಮ, ನಿಮಿಷಗಳ ಲೆಕ್ಕ ಎಲ್ಲವೂ ಅಭ್ಯಾಸಕ್ಕೆ ಅನುಕೂಲ ಅಷ್ಟೆ, ಸುನ್ನತ್ ಎಂದು ಹಿಡಿಯಬೇಡಿ. ಉಸಿರು ಕಟ್ಟಿ ಮಾಡುವ ಝಿಕ್ರನ್ನು ಯೂಟ್ಯೂಬ್ ನೋಡಿ ಮಾತ್ರ ಮಾಡಬೇಡಿ, ಬಿಪಿ, ಹೃದಯದ ತೊಂದರೆ ಇದ್ದವರಂತೂ ಬೇಡವೇ ಬೇಡ.

ಫಜ್ರ್ ಆದ ಮೇಲೆ ತೂಕಡಿಕೆ ಬರುವುದು ಸಹಜ. ಎದ್ದು ಹೊಸದಾಗಿ ವುಝೂ ಮಾಡಿ, ನಡೆಯುತ್ತ ಝಿಕ್ರ್ ಮಾಡಿ. ಆಗಲೂ ಹೋಗದಿದ್ದರೆ ಮಲಗಿ. ನಮಾಝ್‌ನಲ್ಲೇ ತೂಕಡಿಸಿದರೆ ತೂಕಡಿಕೆ ಕಳೆಯುವವರೆಗೆ ಮಲಗು, ಕ್ಷಮೆ ಕೇಳಲು ಹೋಗಿ ನಿನ್ನನ್ನೇ ಶಪಿಸಿಕೊಂಡೀಯ ಎಂದು ಹದೀಸ್ ಇದೆ.

ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಝ್ ಇಲ್ಲ, ಆದರೆ ಝಿಕ್ರ್, ದುಆ, ತಫಕ್ಕುರ್‌ಗೆ ಯಾವ ತಡೆಯೂ ಇಲ್ಲ. ಅಝಾನ್ ಆದಾಗ ಅದೇ ಜಾಗದಲ್ಲಿ ಅಷ್ಟೇ ಹೊತ್ತು ಕೂತು ಇವನ್ನು ಮಾಡಿದರೆ ಹೊತ್ತಿನ ಅಭ್ಯಾಸ ಕಡಿಯುವುದಿಲ್ಲ, ಮತ್ತೆ ನಮಾಝ್ ಶುರುವಾದಾಗ ಫಜ್ರ್‌ಗೆ ಏಳುವುದೂ ಕಷ್ಟವಾಗುವುದಿಲ್ಲ.