ಭಗವಾ ದಾಳಿಂಬೆ, ಇಂಡಿ ಲಿಂಬಿ, ಶಂಖಪುಷ್ಪ: ಮೂರು ಬಣ್ಣದ ಮಾಕ್‌ಟೇಲ್, ಸಕ್ಕರೆ ಲೆಕ್ಕದ ಸಮೇತ

ವಿಜಯಪುರದ ಬೇಸಿಗೆಗೆ ನಾನು ಮಾಡುವ ಈ ಮಾಕ್‌ಟೇಲ್‌ಗೆ (ಮದ್ಯವಿಲ್ಲದ ಪಾನೀಯ) ಬಾಟಲಿ ಸಿರಪ್ ಬೇಕಿಲ್ಲ. ಪದರ ನಿಲ್ಲಿಸುವುದು ಸಕ್ಕರೆ: ಸಿಹಿ ಹೆಚ್ಚಿದ್ದದ್ದು ಭಾರವಾಗಿ ತಳ ಹಿಡಿಯುತ್ತದೆ, ಸಪ್ಪೆ ಇದ್ದದ್ದು ಮೇಲೆ ನಿಲ್ಲುತ್ತದೆ.

ಕೆಂಪು ಪದರಕ್ಕೆ ಭಗವಾ ತಳಿಯ ಎರಡು ದೊಡ್ಡ ದಾಳಿಂಬೆ. ಕಾಳನ್ನು ಮಿಕ್ಸಿಯಲ್ಲಿ ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿ ಸೋಸುತ್ತೇನೆ. ಒಂದೇ ಸಮ ರುಬ್ಬಿದರೆ ಬೀಜ ಒಡೆದು ರಸ ಒಗರಾಗುತ್ತದೆ. 200 ಮಿಲಿ ರಸಕ್ಕೆ 100 ಗ್ರಾಂ ಸಕ್ಕರೆ, ಸ್ಟೀಲ್ ಪಾತ್ರೆ, ಸಣ್ಣ ಉರಿ; ಸಕ್ಕರೆ ಕರಗಿದ ಕೂಡಲೇ ಇಳಿಸಬೇಕು. ಕುದಿಸುತ್ತ ಬಿಟ್ಟರೆ ಕೆಂಪು ಹೋಗಿ ಕಂದು ಬರುತ್ತದೆ. ಕಬ್ಬಿಣದ ಬಾಣಲೆಯಂತೂ ಬೇಡವೇ ಬೇಡ, ರಸ ಕಪ್ಪಾಗುತ್ತದೆ. ಇದು ಸುಮಾರು 260 ಮಿಲಿ ಆಗುತ್ತದೆ, ಆರು ಗ್ಲಾಸಿಗೆ ಸಾಕು.

ನೀಲಿಗೆ, ಒಂದು ಗ್ಲಾಸಿನ ಲೆಕ್ಕದಲ್ಲಿ, ಒಣಗಿದ ಎಂಟು ಹತ್ತು ಶಂಖಪುಷ್ಪ (ನೀಲಿ ಹೂವು), 100 ಮಿಲಿ ಬಿಸಿನೀರು, ಐದು ನಿಮಿಷ. ಫಿಲ್ಟರ್ ನೀರೇ ಇರಲಿ. ಕ್ಷಾರ ಜಾಸ್ತಿ ಇರುವ ಬೋರ್‌ವೆಲ್ ನೀರಲ್ಲಿ ನೀಲಿ ಹಸಿರಿನ ಕಡೆ ತಿರುಗುತ್ತದೆ.

300 ಮಿಲಿ ಗ್ಲಾಸಿಗೆ ಮೊದಲು ಫ್ರಿಜ್‌ನಲ್ಲಿ ತಣಿದ ಸಿರಪ್ 40 ಮಿಲಿ, ಮೇಲೆ ಮುಕ್ಕಾಲು ಗ್ಲಾಸ್ ಐಸ್. ಆಮೇಲೆ ನಮ್ಮ ಜಿಲ್ಲೆಯ ಇಂಡಿ ಕಡೆಯ ಲಿಂಬಿಯ ರಸ 15 ಮಿಲಿ, 60 ಮಿಲಿ ತಣ್ಣೀರು, ಒಂದು ಚಮಚ (5 ಗ್ರಾಂ) ಸಕ್ಕರೆ ಕಲಸಿದ್ದನ್ನು ಚಮಚದ ಬೆನ್ನ ಮೇಲಿಂದ ಇಳಿಬಿಡಿ. ಕೊನೆಗೆ ಸಕ್ಕರೆಯಿಲ್ಲದ ನೀಲಿ ನೀರು 60 ಮಿಲಿ, ಹಾಗೆಯೇ ನಿಧಾನಕ್ಕೆ. ಲಿಂಬಿಯ ಹುಳಿ ತಾಗಿದಲ್ಲಿ ನೀಲಿ ನೇರಳೆಯಾಗುತ್ತದೆ. ನೋಡುವವರಿಗೆ ಇಷ್ಟವಾಗುವುದೇ ಆ ಗೆರೆ. ಸೋಡಾ ಹಾಕಬೇಡಿ, ಗುಳ್ಳೆಗಳು ಪದರ ಕದಡುತ್ತವೆ, ಸೋಡಾದ ಹುಳಿ ನೀಲಿಯನ್ನೂ ಮಂಕು ಮಾಡುತ್ತದೆ.

ಈಗ ಲೆಕ್ಕ. ದಾಳಿಂಬೆ ರಸದಲ್ಲೇ 100 ಮಿಲಿಗೆ ಸುಮಾರು 13 ಗ್ರಾಂ ಸಕ್ಕರೆ ಇರುತ್ತದೆ. ಹಾಗಾಗಿ 40 ಮಿಲಿ ಸಿರಪ್‌ನಲ್ಲಿ 19 ಗ್ರಾಂ, ಲಿಂಬಿ ಪದರದಲ್ಲಿ 5 ಗ್ರಾಂ. ಒಟ್ಟು 24 ಗ್ರಾಂ, ಹತ್ತಿರ ಹತ್ತಿರ 100 ಕ್ಯಾಲರಿ. ಹಣ್ಣಿನ ರಸದ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಮಿತಿಯೊಳಗೇ ಎಣಿಸುತ್ತದೆ. ಅದು ಹೇಳುವ ಉತ್ತಮ ಮಿತಿ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಒಂದೇ ಗ್ಲಾಸಿಗೆ ಮುಗಿಯಿತು. ಲಿಂಬಿಯಿಂದ ಸಿಗುವ ಸಿ ಜೀವಸತ್ವ 5 ಮಿಲಿಗ್ರಾಂ ಆಸುಪಾಸು, ಹೇಳಿಕೊಳ್ಳುವಂಥದ್ದಲ್ಲ. ನಾರು ಸೋಸುವಾಗಲೇ ಹೋಗಿರುತ್ತದೆ. ನಾರು ಬೇಕಿದ್ದವರು ಕಾಳನ್ನೇ ತಿನ್ನಲಿ, 100 ಗ್ರಾಂಗೆ 4 ಗ್ರಾಂ ಸಿಗುತ್ತದೆ.

ಸಕ್ಕರೆ ತಗ್ಗಿಸಬೇಕಿದ್ದರೆ ಸಿರಪ್ 25 ಮಿಲಿಗೆ ಇಳಿಸಿ. ಒಟ್ಟು 17 ಗ್ರಾಂ ಆಗುತ್ತದೆ. ಲಿಂಬಿ ಪದರದ ಚಮಚ ಸಕ್ಕರೆಯನ್ನು ಮಾತ್ರ ಮುಟ್ಟಬೇಡಿ, ಅದಿಲ್ಲದಿದ್ದರೆ ಮೇಲಿನೆರಡೂ ಬೆರೆತು ಬರೀ ನೇರಳೆ ಉಳಿಯುತ್ತದೆ.