ನನ್ನ ನೋಟ್ಸ್‌ನ ಕಳ್ಳಪ್ರತಿ ತೆಗೆಸಿದ್ದು ಹೀಗೆ

ತುಮಕೂರಿನಲ್ಲಿ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಪಾಠ ಮಾಡುತ್ತೇನೆ. ಇತಿಹಾಸದ ನೋಟ್ಸ್ ನಾನೇ ಬರೆದು ಪಿಡಿಎಫ್ ಮಾಡಿ ಮಾರುತ್ತೇನೆ. ಪಾವಗಡ, ಮಧುಗಿರಿಯಿಂದ ದಿನಾ ಬಸ್ಸಲ್ಲಿ ಬರಲಾಗದವರಿಗೆ ಅದೇ ಕ್ಲಾಸು. ಅದನ್ನು ಯಾರೋ 'ಉಚಿತ ಡೌನ್‌ಲೋಡ್' ಅಂತ ಸೈಟಿಗೆ ಹಾಕಿದ್ದರು. ನನ್ನ ಹೆಸರಿದ್ದ ಮೊದಲ ಪುಟ ಮಾಯ. ಆದರೆ ಕೈಯಲ್ಲಿ ಬಿಡಿಸಿದ್ದ ವಿಜಯನಗರದ ವಂಶಾವಳಿ ಹಾಗೇ ಇತ್ತು. ನನಗೆ ದೊಡ್ಡ ಸಾಕ್ಷಿ ಅದೇ ಆಯಿತು.

ಬಹಳ ಜನ ನೇರ ಗೂಗಲ್‌ಗೆ ದೂರು ಕೊಡುತ್ತಾರೆ. ಗೂಗಲ್ ತೆಗೆಯುವುದು ಹುಡುಕಾಟದ ಫಲಿತಾಂಶದಿಂದ ಮಾತ್ರ, ಫೈಲ್ ಸೈಟಿನಲ್ಲೇ ಉಳಿಯುತ್ತದೆ. ಹಾಗಾಗಿ ನಾನು ಮೊದಲು ಹಿಡಿದದ್ದು ಹೋಸ್ಟಿಂಗ್ ಕಂಪನಿಯನ್ನು, ಅಂದರೆ ಸೈಟಿನ ಫೈಲುಗಳನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವವರನ್ನು. ಸೈಟಿನ ನೋಂದಣಿ ವಿವರ ತೋರಿಸುವ ಹೂಈಸ್‌ನಲ್ಲಿ ಹುಡುಕಿದರೆ ಸುಳಿವು ಸಿಗುತ್ತದೆ. ನನಗೆ ಸಿಕ್ಕಿದ್ದು ಕ್ಲೌಡ್‌ಫ್ಲೇರ್ ಹೆಸರು. ಅವರು ಸಾಮಾನ್ಯವಾಗಿ ಸೈಟಿಗೂ ನೋಡುವವರಿಗೂ ಮಧ್ಯದಲ್ಲಿ ನಿಂತವರು, ಫೈಲ್ ಇರುವುದು ಬೇರೆ ಕಡೆ. ಅವರ ಫಾರಂ ತುಂಬಿದರೆ ದೂರು ಅಸಲಿ ಹೋಸ್ಟ್‌ಗೆ ಹೋಗುತ್ತದೆ.

ದೂರಿನಲ್ಲಿ ಸೈಟಿನ ಮುಖಪುಟದ ವಿಳಾಸ ಕೊಟ್ಟರೆ ಸುಮ್ನೆ ವ್ಯರ್ಥ. ಫೈಲ್ ಇರುವ ಪ್ರತಿ ಪುಟದ ಪೂರ್ತಿ ಲಿಂಕ್, ನಮ್ಮ ಅಸಲಿಯ ಲಿಂಕ್, ಸಹಿ, ಹೇಳಿದ್ದೆಲ್ಲ ನಿಜ ಎಂಬ ಘೋಷಣೆ ಬೇಕು. ಅಮೆರಿಕದ ಹೋಸ್ಟ್‌ಗೆ ಅಲ್ಲಿನ ಡಿಜಿಟಲ್ ಕಾಪಿರೈಟ್ ಕಾನೂನಾದ 1998ರ ಡಿಎಂಸಿಎ ಕಾಯ್ದೆ ಹೆಸರಿಸಿದೆ. ನಮ್ಮಲ್ಲಾದರೆ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಮತ್ತು 2013ರ ನಿಯಮಗಳ 75ನೇ ನಿಯಮ ಇದೆ. ಅದರ ಪ್ರಕಾರ ದೂರು ಸಿಕ್ಕ 36 ಗಂಟೆಯೊಳಗೆ ಲಿಂಕ್ ತಡೆಯಬೇಕು. ಆದರೆ 21 ದಿನದಲ್ಲಿ ನಾವು ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ನಮ್ಮಂಥ ಸಣ್ಣವರಿಗೆ ಇದು ಭಾರವೇ, ಬದಲಾಗಲೇಬೇಕು. ನೋಂದಣಿ ಇಲ್ಲ ಅಂತ ಹೆದರಬೇಡಿ. ಬರೆದ ಕ್ಷಣವೇ ಹಕ್ಕು ನಮ್ಮದು.

ಹೋಸ್ಟ್ ಫೈಲ್ ಅಳಿಸಿದ ಮೇಲೂ ಗೂಗಲ್‌ನಲ್ಲಿ ಹಳೆಯ ಶೀರ್ಷಿಕೆ ಕಾಣುತ್ತಿತ್ತು. ಹಳತಾದ ವಿಷಯ ತೆಗೆಯಲು ಅವರದೇ ಬೇರೆ ಫಾರಂ ಇದೆ, ಅದರಲ್ಲಿ ಹೋಯಿತು. ಇನ್ನೊಂದು ಸೈಟು ಜಪ್ಪಯ್ಯ ಅಂದರೂ ಉತ್ತರ ಕೊಡಲಿಲ್ಲ. ಅದಕ್ಕೆ ಗೂಗಲ್‌ನ ಕೃತಿಸ್ವಾಮ್ಯ ಫಾರಂ ಹಾಕಿದೆ. ಫೈಲ್ ಅಲ್ಲೇ ಇದೆ, ಆದರೆ ಹುಡುಕುವವರಿಗೆ ಸಿಗುವುದಿಲ್ಲ. ಆ ಫಾರಂನ ಪ್ರತಿ ಇಂಥ ದೂರುಗಳನ್ನು ಕೂಡಿಡುವ ಲುಮೆನ್ ಎಂಬ ಆನ್‌ಲೈನ್ ಸಂಗ್ರಹಕ್ಕೆ ಹೋಗಿ, ನಮ್ಮ ಹೆಸರು ಸಾರ್ವಜನಿಕವಾಗಿ ಕಾಣಬಹುದು. ವಿವರಣೆಯಲ್ಲಿ ಫೋನ್ ನಂಬರ್, ಮನೆ ವಿಳಾಸ ಬರೆಯಬೇಡಿ.

ಟೆಲಿಗ್ರಾಂ ಕಾಟ ಇನ್ನೂ ಜಾಸ್ತಿ. ಅಲ್ಲೂ ಚಾನೆಲ್ ಹೆಸರು ಸಾಲದು, ಒಂದೊಂದು ಸಂದೇಶದ ಲಿಂಕೂ ಬೇಕು. ಪರೀಕ್ಷೆ ಅಧಿಸೂಚನೆ ಬಂದಾಗ ಹೊಸ ಪ್ರತಿಗಳು ಹುಟ್ಟುತ್ತವೆ. ಆಗ ನೋಟ್ಸ್‌ನ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕುತ್ತೇನೆ.